ಟೈರಿನೊಳಗೆ ತುಂಬಿದ್ದು

ಹಳೇ ಸೀಟು ಬಿಚ್ಚುವವನಿಗೆ ಮನುಷ್ಯರ ಮೇಲೆ ಗೌರವ ಉಳಿಯುವುದು ಕಷ್ಟ. ನಾನು ಇಪ್ಪತ್ತಾರು ವರ್ಷದಿಂದ ಹುಮನಾಬಾದಿನಲ್ಲಿ ಕುಶನ್ ಕೆಲಸ ಮಾಡುತ್ತಿದ್ದೇನೆ. ಲಾರಿ, ಟ್ರ್ಯಾಕ್ಟರ್, ಬೈಕು, ಜೀಪು, ಮನೆಯ ಸೋಫಾ, ಏನು ಬಂದರೂ ಮೇಲಿನ ರೆಕ್ಸಿನ್ ಕೊಯ್ದು ಒಳಗಿನ ಫೋಮು ಹೊರಗೆಳೆಯುವುದು ದಿನದ ಮೊದಲ ಕೆಲಸ. ಒಳಗೆ ಏನೇನು ಸಿಗುತ್ತದೆ ಎಂದು ಹೇಳಿದರೆ ನೀವು ಇನ್ನು ಮುಂದೆ ಬಸ್ಸಿನಲ್ಲಿ ನಿಂತೇ ಹೋಗುತ್ತೀರಿ. ಗುಟ್ಕಾ ಚೀಟಿ, ಕೂದಲಿನ ಉಂಡೆ, ಕೂಸಿನ ಉಚ್ಚೆ ಒಣಗಿ ಆದ ಹಳದಿ ವರ್ತುಲ, ಬೆವರು ಇಳಿದು ಇಳಿದು ಕಪ್ಪಾದ ಪದರ. ಒಮ್ಮೆ ಒಂದು ದವಡೆ ಹಲ್ಲು ಸಿಕ್ಕಿತ್ತು. ಟ್ರ್ಯಾಕ್ಟರ್ ಮಾಲೀಕನಿಗೆ ತೋರಿಸಿದೆ. ಅವನು ಬಾಯೊಳಗೆ ನಾಲಿಗೆ ತಿರುಗಿಸಿ ನೋಡಿಕೊಂಡು, "ನಂದಲ್ಲರಿ" ಎಂದ.

ಹೀಗೆ ಬಿಚ್ಚಿದ ಫೋಮನ್ನು ನಮ್ಮಲ್ಲಿ ಯಾರೂ ಬಿಸಾಡುವುದಿಲ್ಲ. ಬಿಸಿಲಿಗೆ ಹಾಕಿ, ಬಡಿದು, ಕೆಟ್ಟ ಅಂಚು ಕತ್ತರಿಸಿ ಇನ್ನೊಬ್ಬರ ಸೀಟಿನ ಅಡಿಗೆ ಹಾಕುತ್ತೇವೆ. ಅದರ ಮೇಲೆ ಒಂದಿಂಚು ಹೊಸದು, ಅದರ ಮೇಲೆ ರೆಕ್ಸಿನ್. ಗಿರಾಕಿ ಮೇಲಿಂದ ಒತ್ತಿ ನೋಡಿ ಖುಷಿಯಾಗಿ ಹೋಗುತ್ತಾನೆ. ಇದು ಸಾಲದೆಂದು ಭಂಗಾರದವರು, ಅಂದರೆ ಹಳೇ ಸಾಮಾನು ಕೊಂಡು ಮಾರುವವರು, ಗಾದಿಗಳನ್ನೂ ತಂದು ಹಾಕುತ್ತಾರೆ. ನಮ್ಮ ಕಡೆ ಸತ್ತವರು ಮಲಗಿದ್ದ ಹಾಸಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಊರ ಹೊರಗೆ ಹಳ್ಳದ ದಂಡೆಗೆ ಹಾಕಿ, ಹಿಂದೆ ತಿರುಗಿ ನೋಡದೆ ಬರುತ್ತಾರೆ. ಅವರು ಅತ್ತ ಹೋದ ಮೇಲೆ ಭಂಗಾರದವನು ಇತ್ತ ಬರುತ್ತಾನೆ. ಬಟ್ಟೆ ಸುಲಿದು, ನಾಲ್ಕು ತುಂಡು ಮಾಡಿ, ಬಸವಕಲ್ಯಾಣದ ಮಾಲನ್ನು ಹುಮನಾಬಾದಿಗೂ ಹುಮನಾಬಾದಿನ ಮಾಲನ್ನು ಬಸವಕಲ್ಯಾಣಕ್ಕೂ ಮಾರುತ್ತಾನೆ. ಗುರುತು ಹಿಡಿಯುವವರು ಸಿಗಬಾರದು, ಅದಕ್ಕೆ. ಎಲ್ಲಿಂದ ತಂದೆ ಎಂದು ನಾವು ಅವನನ್ನು ಕೇಳುವುದಿಲ್ಲ. ಕೇಳಿದರೆ ಹೇಳಿಬಿಟ್ಟಾನು ಎಂಬ ಹೆದರಿಕೆ. ನಾನೂ ಯಾವತ್ತೂ ಕೇಳಿದವನಲ್ಲ.

ನನಗೆ ಕಲ್ಯಾಣದಲ್ಲಿ ಒಬ್ಬ ಗೆಳೆಯನಿದ್ದಾನೆ. ಬಸವಕಲ್ಯಾಣವನ್ನು ನಾವು ಬರೀ ಕಲ್ಯಾಣ ಎನ್ನುತ್ತೇವೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಅವನು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ, ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಮೊಬೈಲ್ ರಿಪೇರಿಗೆ ಇಳಿದ. ಅವನ ಹೆಂಡತಿಯನ್ನು ನಾನು ವೈನಿ ಎಂದು ಕರೆಯುತ್ತಿದ್ದೆ. ಅವರಿಗೆ ಬೆನ್ನಿನ ಕಾಯಿಲೆಯಾಗಿ ಸೊಂಟದಿಂದ ಕೆಳಗೆ ಬಲ ಹೋಯಿತು. ಒಂದು ವರ್ಷ ಮಲಗಿದಲ್ಲೇ ಇದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಅವರು ಮಲಗಿದ್ದ ಗಾದಿ ನಾನೇ ಮಾಡಿಕೊಟ್ಟದ್ದು. ಒತ್ತಿ ಒತ್ತಿ ಸೊಂಟಕ್ಕೆ ಹುಣ್ಣಾಗಬಾರದೆಂದು, ಸೊಂಟ ಬರುವ ಜಾಗದಲ್ಲಿ ಊಟದ ತಾಟಿನಷ್ಟು ಅಗಲ ದುಂಡಗೆ ಕೊಯ್ದು, ಗಟ್ಟಿ ಫೋಮು ತೆಗೆದು ತೀರ ಮೆತ್ತನೆಯದನ್ನು ಕೂಡಿಸಿದ್ದೆ. ಹೊಲಿಯುವ ಮುಂಚೆ ಯಾವ ಕಡೆ ತಲೆ, ಯಾವ ಕಡೆ ಕಾಲು ಎಂದು ಫೋಮಿನ ಮೇಲೇ ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಹುಣ್ಣೇನೋ ಆದದ್ದು ಆಯಿತು. ಆದರೂ ಆ ಗಾದಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ವೈನಿ ಹೋದ ಮೇಲೆ ನನ್ನ ಗೆಳೆಯ ಬದುಕಿದ್ದನೇ ಹೊರತು ಇರಲಿಲ್ಲ. ಅಂಗಡಿಯ ಶಟರ್ ಅರ್ಧ ಏರಿಸಿ ಒಳಗೆ ಕೂತಿರುತ್ತಿದ್ದ. ಗಿರಾಕಿ ಬಗ್ಗಿ ಒಳಗೆ ಬಂದರೆ, ಇವನು ಯಾಕೆ ಬಂದ ಎನ್ನುವಂತೆ ನೋಡುತ್ತಿದ್ದ. ನಾನು ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಅವನ ಎದುರು ಕೂತು ಬರುತ್ತಿದ್ದೆ. ನಾನೊಬ್ಬನೇ ಮಾತಾಡುತ್ತಿದ್ದೆ. ಹಾಗೆ ಹೋಗಿ ಬರುವುದು ನನಗೂ ಸಾಕಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಅಲ್ಲಿನ ಕಾಲೇಜಿನ ಲೆಕ್ಚರರ್ ಒಬ್ಬರು ತಮ್ಮ ರಿಮೋಟ್ ಗಾಡಿಯನ್ನು ರಿಪೇರಿಗೆ ತಂದರು. ಮೊಳದುದ್ದದ ಜೀಪು, ಅಂಗೈ ತುಂಬುವಂಥ ದಪ್ಪ ಟೈರು. ಜೋರಾಗಿ ಓಡಿಸುವ ಗಾಡಿ ಅಲ್ಲ ಅದು. ಕಲ್ಲು ಹತ್ತಿಸುವ ಗಾಡಿ. ಬಂಡೆಯ ಮೇಲೆ ಬೆರಳಗಲ ಬೆರಳಗಲ ಏರಬೇಕು, ಜಾರಬಾರದು, ಮಗುಚಬಾರದು. ನನ್ನ ಗೆಳೆಯ ವೈರು ಬೆಸೆದು, ಸರಿಯಾಯಿತೋ ಇಲ್ಲವೋ ನೋಡಲು ಚಾರ್ಜರ್ ಡಬ್ಬಿಗಳ ರಾಶಿಯ ಮೇಲೆ ಹತ್ತಿಸಿದನಂತೆ. ಇಡೀ ಮಧ್ಯಾಹ್ನ ಹತ್ತಿಸಿದನಂತೆ. ಮುಂದಿನ ತಿಂಗಳು ತಾನೂ ಒಂದು ತರಿಸಿಕೊಂಡ.

ನನಗೆ ಅದನ್ನು ನೋಡಿ ಹೇಸಿಗೆಯಾಯಿತು. ಐವತ್ತು ದಾಟಿದ ಗಂಡಸು, ತಲೆ ಅರ್ಧ ಬೆಳ್ಳಗಾಗಿದೆ, ಹೆಂಡತಿ ಸತ್ತು ಆರು ತಿಂಗಳು ಆಗಿಲ್ಲ, ಕೈಯಲ್ಲಿ ಆಟಿಕೆ ಸಾಮಾನು. ಭಾನುವಾರ ಊರ ಹೊರಗಿನ ಹಳೇ ಕಲ್ಲುಗಣಿಯಲ್ಲಿ ಲೆಕ್ಚರರೂ ಇನ್ನಿಬ್ಬರೂ ಇವನೂ ಮೊಣಕಾಲೂರಿ ಕೂತು ಗಾಡಿಗೆ "ಹತ್ತು, ಹತ್ತು" ಎಂದು ಹೇಳುತ್ತಿದ್ದರು. ದಾರಿಯಲ್ಲಿ ಹೋಗುವ ಕುರಿಗಳು ಕೂಡ ನಿಂತು ನೋಡುತ್ತಿದ್ದವು. ಆದರೆ ಗೆಳೆಯ ಮನೆಯಿಂದ ಹೊರಗೆ ಬಂದಿದ್ದ. ಬಿಸಿಲಿಗೆ ಮುಖ ಕೆಂಪಾಗಿತ್ತು. ಅದಕ್ಕೆ ನಾನು ಬಾಯಿ ಮುಚ್ಚಿಕೊಂಡೆ.

ಆ ಗಣಿಯಲ್ಲಿ ಒಂದು ಕರಿ ಬಂಡೆ. ಬೆನ್ನು ಎತ್ತಿ ಮಲಗಿದ ಹಾಗಿರುವುದರಿಂದ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಿದ್ದರು. ಅದರ ಪಕ್ಕೆಯಿಂದ ಯಾರ ಗಾಡಿಯೂ ಹತ್ತಿರಲಿಲ್ಲ. ಗೆಳೆಯನ ಗಾಡಿ ಅರ್ಧ ಏರಿ, ಮುಂದಿನ ಟೈರು ಕಲ್ಲಿನ ಅಂಚಿಗೆ ತಾಗಿದೊಡನೆ ಪುಟಿದು ಹಿಂದಕ್ಕೆ ಬೀಳುತ್ತಿತ್ತು. ಅವನು ಒಂದು ಟೈರು ಬಿಚ್ಚಿ ನನಗೆ ಕೊಟ್ಟ. ಗಡಿಯಾರದ ಸ್ಕ್ರೂ ಡ್ರೈವರಿನಿಂದ ಹನ್ನೆರಡು ಸಣ್ಣ ಸ್ಕ್ರೂ ತೆಗೆದರೆ ರಿಂಗು ಕಳಚುತ್ತದೆ, ರಬ್ಬರು ಹೊರಬರುತ್ತದೆ, ರಬ್ಬರಿನೊಳಗೆ ಬಳೆಯ ಹಾಗೆ ಒಂದು ಫೋಮು. ಆ ಟೈರಿಗೆ ಗಾಳಿ ತುಂಬುವುದಿಲ್ಲ. ಫೋಮೇ ಅದರ ಗಾಳಿ.

"ಈ ಫೋಮು ಗಟ್ಟಿ ಆಗ್ಯದ," ಎಂದ. "ಕಲ್ಲಿಗೆ ತಾಕಿದ್ರ ಟೈರ್ ಮಡಚಬೇಕು, ಕಲ್ಲು ಹಿಡಕೋಬೇಕು. ಇದು ಪುಟ್ಯಾಕತ್ತದ. ನಿನಗ ಫೋಮಿನ ಬಗ್ಗೆ ಗೊತ್ತದಲ್ಲ, ಏನಾರ ಮಾಡು."

ವೈನಿ ಹೋದ ಮೇಲೆ ಅವನು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆಗಲಿ ಎಂದೆ.

ಕೆಲಸ ಕೈಗೆ ಬಂದ ಮೇಲೆ ನನ್ನ ತಾತ್ಸಾರ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೊದಲು ಸೋಫಾದ ಹೊಸ ಫೋಮಿನಿಂದ ಬಳೆ ಕೊಯ್ದು ಹಾಕಿದೆ. ಅದೂ ಪುಟಿಯಿತು. ಪ್ಯಾಕಿಂಗಿಗೆ ಬರುವ ಸ್ಪಂಜು ಹಾಕಿದರೆ ಗಾಡಿಯ ಭಾರಕ್ಕೇ ಟೈರು ಚಪ್ಪಟೆಯಾಗಿ, ಪಕ್ಕಕ್ಕೆ ವಾಲಿ ಮಗುಚಿತು. ಬೈಕಿನ ಸೀಟಿನದು ತಕ್ಕಮಟ್ಟಿಗೆ ನಡೆಯಿತು, ಆದರೆ ಒಮ್ಮೆ ಒತ್ತಿದರೆ ಪೂರ್ತಿ ತಿರುಗಿ ಏಳುತ್ತಿರಲಿಲ್ಲ. ಪ್ರತಿ ಭಾನುವಾರ ಹೋಗಿ ಎಮ್ಮೆಯ ಮುಂದೆ ಕೂತು ಸೋತು ಬರುವುದು. ಆ ಗಣಿಯ ಹೊಂಡದ ನೀರು ಬೇರೆ. ರಿಂಗಿನಲ್ಲಿ ಗಾಳಿ ಹೋಗಲೆಂದು ತೂತಿರುತ್ತದೆ, ಆ ತೂತಿನಿಂದ ನೀರು ಒಳಗೆ ಹೋಗಿ ಫೋಮು ಕುಡಿಯುತ್ತದೆ. ಹಿಂಡಿದರೆ ಕೊಳೆತ ಎಲೆಯ ವಾಸನೆಯ ಕರಿ ನೀರು ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯುತ್ತಿತ್ತು. ನನ್ನ ಹೆಂಡತಿ ಆ ಬಳೆಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಕೊನೆಗೆ ಉಪಾಯ ಹೊಳೆಯಿತು. ಒಂದೇ ಫೋಮಿನಿಂದ ಆಗುವುದಿಲ್ಲ. ಒಳಗಿನ ಬಳೆ ಗಟ್ಟಿಯದಾಗಿ ಭಾರ ಹೊರಬೇಕು, ಅದರ ಸುತ್ತ ಮೆತ್ತನೆಯ ಬಳೆ ಕಲ್ಲನ್ನು ಅಪ್ಪಬೇಕು. ರೋಗಿಯ ಗಾದಿಗೂ ಇದೇ ಲೆಕ್ಕ. ಗಟ್ಟಿಯದು ಲಾರಿ ಸೀಟಿನ ಹೊಸ ಫೋಮಿನಲ್ಲಿ ಸಿಕ್ಕಿತು. ಮೆತ್ತನೆಯದಕ್ಕೆ ಅಟ್ಟ ಹತ್ತಿ ಹಳೇ ರಾಶಿಯಲ್ಲಿ ಒಂದೊಂದೇ ತುಂಡನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಒಂದು ತುಂಡಿಗೆ ಬೆರಳು ನಿಂತಿತು. ಒತ್ತಿದರೆ ತಡೆಯಿಲ್ಲದೆ ಇಳಿಯುತ್ತಿತ್ತು, ಬಿಟ್ಟರೆ ಅವಸರವಿಲ್ಲದೆ ಮೇಲೆ ಬರುತ್ತಿತ್ತು. ಹೊಸ ಫೋಮಿಗೆ ಆ ಗುಣ ಬರುವುದಿಲ್ಲ. ಬಹಳ ಕಾಲ, ಬಹಳ ಹೊತ್ತು, ಒಂದೇ ಭಾರ ಮೇಲಿದ್ದರೆ ಮಾತ್ರ ಬರುತ್ತದೆ. ಅಷ್ಟು ತಿಳಿದವನಿಗೆ ಮುಂದಿನದು ತಿಳಿಯಬೇಕಿತ್ತು. ತಿಳಿಯಲಿಲ್ಲ, ಮಾಲು ಸಿಕ್ಕ ಖುಷಿಯಲ್ಲಿದ್ದೆ.

ವಾಸನೆ ಇತ್ತು. ಎಲ್ಲ ಹಳೇ ಫೋಮಿಗೂ ಇರುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಹಳದಿಯಾದ ಮೇಲ್ಪದರ ಕೆತ್ತಿ ತೆಗೆದು, ಬಳೆ ಕೊಯ್ದು, ಸೊಲ್ಯೂಷನ್ ಹಚ್ಚಿ ಗಟ್ಟಿ ಬಳೆಗೆ ಅಂಟಿಸಿದೆ. ಟೈರು ಇನ್ನಷ್ಟು ಸುಲಭವಾಗಿ ಮಡಚಲೆಂದು ಹೊರ ಅಂಚಿನ ಸುತ್ತ ಬ್ಲೇಡಿನಿಂದ ತ್ರಿಕೋನದ ಕಚ್ಚು ಹಾಕಿದೆ. ಮುಂದಿನ ಎರಡು ಟೈರಿಗೆ ಎರಡು ಬಳೆ. ಅಷ್ಟು ನಾಜೂಕಾದ ಕೆಲಸ ನಾನು ಮದುವೆಯ ಸೋಫಾಕ್ಕೂ ಮಾಡಿರಲಿಲ್ಲ.

ಆ ಭಾನುವಾರ ಗಾಡಿ ಎಮ್ಮೆಯನ್ನು ಹತ್ತಿತು. ಮುಂದಿನ ಟೈರು ಕಲ್ಲಿನ ಅಂಚಿಗೆ ತಾಗಿತು, ಪುಟಿಯಲಿಲ್ಲ, ಕಲ್ಲಿನ ಮೇಲೆ ನಿಧಾನ ಕುಸಿದು ಹರಡಿ ಹಿಡಿದುಕೊಂಡಿತು. ಹಿಂದಿನದು ತಳ್ಳಿತು. ಗಾಡಿ ನೆತ್ತಿಯ ಮೇಲೆ ಹೋಗಿ ನಿಂತಿತು. ನನ್ನ ಗೆಳೆಯ ಮೊಣಕಾಲೂರಿದ್ದವನು ಹಾಗೇ ಕೂತು ನಕ್ಕ. ವೈನಿ ಮಲಗಿದ ದಿನದಿಂದ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಏನ್ ಹಾಕಿದಿಲೇ ಇದರಾಗ?" ಎಂದ.

"ಹಳೇ ಮಾಲು. ನಮ್ಮ ಧಂಧೆದ ಗುಟ್ಟು ಅದ, ಕೇಳಬ್ಯಾಡ," ಎಂದೆ. ಆಗ ನನಗೆ ಎಷ್ಟು ಜಂಬ ಬಂದಿತ್ತೆಂದರೆ, ಈಗ ನೆನೆದರೆ ಮೈ ಉರಿಯುತ್ತದೆ.

ಲೆಕ್ಚರರು ತಮ್ಮ ಗಾಡಿಗೂ ಅಂಥದೇ ಬೇಕೆಂದರು. ಗೆಳೆಯ ಹಿಂದಿನ ಟೈರಿಗೂ ಬೇಕೆಂದ. ಮಂಗಳವಾರ ಬೆಳಿಗ್ಗೆ ಮತ್ತೆ ಅಟ್ಟ ಹತ್ತಿ, ಆ ತುಂಡಿನ ಜೊತೆಯ ತುಂಡುಗಳನ್ನು ಹುಡುಕಿದೆ. ಒಂದೇ ಬಣ್ಣದ್ದು ಇನ್ನೊಂದು ಕೆಳಗಿತ್ತು. ಎಳೆದು ಬೆಳಕಿಗೆ ತಂದೆ. ಅದರ ನಡುವೆ ತಾಟಿನಗಲದ ದುಂಡು ಕೊಯ್ತ. ಕೂಡಿಸಿದ್ದ ಮೆತ್ತನೆಯ ಫೋಮು ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಇನ್ನೂ ಅಲ್ಲೇ ಅಂಟಿತ್ತು. ಪಕ್ಕದಲ್ಲಿ ಬಾಣದ ಗುರುತು, ಬಾಣದ ಹಿಂದೆ ನನ್ನದೇ ಅಕ್ಷರದಲ್ಲಿ "ತಲಿ ಕಡೆ."

ಏಣಿ ಇಳಿದದ್ದು ನೆನಪಿಲ್ಲ. ಅಂಗಡಿಯ ಹಿಂದಿನ ಚರಂಡಿಗೆ ಬೆಳಗಿನ ಚಹಾ, ಉಪ್ಪಿಟ್ಟು ಎಲ್ಲ ಕಾರಿಕೊಂಡೆ. ಇಪ್ಪತ್ತಾರು ವರ್ಷ ಎಂತೆಂಥ ಹೊಲಸಿನಲ್ಲಿ ಕೈ ಹಾಕಿದ್ದೇನೆ, ಒಂದು ದಿನವೂ ವಾಂತಿ ಬಂದಿರಲಿಲ್ಲ. ಅವೆಲ್ಲ ಗೊತ್ತಿಲ್ಲದವರ ಹೊಲಸು. ಇದು ವೈನಿಯದು. ನನಗೆ ಚಹಾ ಕೊಟ್ಟವರು, ಹಬ್ಬಕ್ಕೆ ಹೋಳಿಗೆ ಕಟ್ಟಿ ಕಳಿಸಿದವರು. ಅವರ ಮೈಯಿಂದ ಇಳಿದದ್ದರ ಮೇಲೆ ನಾನು ಬ್ಲೇಡು ಆಡಿಸಿ, ಕಚ್ಚು ಹಾಕಿ, ಆಟಿಕೆಯೊಳಗೆ ತುಂಬಿ, ಅವರ ಗಂಡನ ಕೈಗೆ ಕೊಟ್ಟಿದ್ದೆ. ಟೈರಿಗೆ ಕೊಯ್ದದ್ದು ಭುಜದ ಕಡೆಯ ತುಂಡು, ಬಾಣದ ಕಡೆಯ ಅಂಚಿಗೆ ಅದರ ಅಂಚು ಕೂಡುತ್ತಿತ್ತು. ಉಳಿದ ಎರಡು ತುಂಡು ಯಾರ ಸೀಟಿನೊಳಗೆ ಹೋಗಿವೆಯೋ, ಅದನ್ನೂ ಹಾಕಿದವನು ನಾನೇ.

ಹೆಂಡತಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ಕಾಲು ನಿಲ್ಲಿಸಿದಳು.

"ಅವರಿಗೆ ಹೇಳ್ತೀರೇನು?"

"ಹ್ಯಾಂಗ ಹೇಳ್ಲಿ? ಈಗ ನಗಾಕತ್ತಾನ."

"ಹೇಳಬ್ಯಾಡ್ರಿ ಹಂಗಾದ್ರ. ಅದನ್ನ ಮೊದಲ ತಗದು ಬ್ಯಾರೆ ಹಾಕ್ರಿ," ಎಂದಳು. ಮತ್ತೆ ಕಾಲು ಆಡಿಸುತ್ತಾ, "ನನಗ ಮುಟ್ಟಬ್ಯಾಡ್ರಿ ಇವತ್ತು," ಎಂದಳು.

ಆ ದುಂಡು ಕೊಯ್ತದ ತುಂಡನ್ನು ನಾನೇ ಬೈಕಿಗೆ ಕಟ್ಟಿಕೊಂಡು ದುಬಲಗುಂಡಿಯ ದಾರಿಯಲ್ಲಿ ದೂರ ಹೋಗಿ ಸುಟ್ಟೆ. ಫೋಮು ಸುಟ್ಟರೆ ಕರಗಿ ಹನಿಯುತ್ತದೆ, ಹೊಗೆ ಗಂಟಲಿಗೆ ಹಿಡಿಯುತ್ತದೆ. ಸ್ನಾನ ಮಾಡಿದೆ, ಮತ್ತೆ ಮಾಡಿದೆ. ನಂತರ ಇದ್ದುದರಲ್ಲಿ ಅತಿ ಒಳ್ಳೆಯ ಹೊಸ ಫೋಮು ತರಿಸಿ ನಾಲ್ಕು ಟೈರಿಗೂ ಬಳೆ ಮಾಡಿದೆ. ಹೆಬ್ಬೆರಳಿನಿಂದ ಒತ್ತಿದಾಗಲೇ ಗೊತ್ತಾಯಿತು, ಇದು ಎಮ್ಮೆ ಹತ್ತುವುದಿಲ್ಲ. ಹತ್ತದಿದ್ದರೆ ಬೇಡ ಎಂದುಕೊಂಡು ಕಲ್ಯಾಣಕ್ಕೆ ಹೋದೆ.

ಗೆಳೆಯನ ಅಂಗಡಿಯ ಶಟರ್ ಪೂರ್ತಿ ಮೇಲಿತ್ತು. ಇಬ್ಬರು ಗಿರಾಕಿಗಳು ನಿಂತಿದ್ದರು. ಅವನು ಒಬ್ಬರ ಜೊತೆ ಮಾತಾಡುತ್ತಲೇ ಮೇಜಿನ ಮೇಲಿದ್ದ ಗಾಡಿಯ ಮುಂದಿನ ಟೈರನ್ನು ಎಡಗೈಯ ಹೆಬ್ಬೆರಳಿನಿಂದ ಒತ್ತುತ್ತಿದ್ದ, ಬಿಡುತ್ತಿದ್ದ. ಒತ್ತುತ್ತಿದ್ದ, ಬಿಡುತ್ತಿದ್ದ. ನನಗೆ ನೋಡಲಾಗಲಿಲ್ಲ.

"ಆ ಮುಂದಿನವು ತಗದು ಕೊಡು," ಎಂದೆ. "ಹಳೇ ಮಾಲು, ಬಾಳಿಕಿ ಬರಂಗಿಲ್ಲ. ಹೊಸಾವು ತಂದೀನಿ."

"ಹಿಂದ ಹೊಸಾವು ಹಾಕೋಣು. ಮುಂದಿನವು ಮುಟ್ಟಬ್ಯಾಡ."

"ಯಾಕ? ಹೇಳಿದ್ದು ಕೇಳು. ನೀರು ಕುಡಿದು ನಾರ್ತಾವ."

"ನಾರಲಿ ಬಿಡು. ಇದು ಕೈಗೆ ಕುಂತದ ನನಗ," ಎಂದ. ಆಮೇಲೆ ಗಿರಾಕಿಯ ಕಡೆ ತಿರುಗಿ ನನ್ನನ್ನು ತೋರಿಸಿ, "ಇಂವ ಮಾಡ್ಯಾನ್ರಿ. ಇಂಥಾ ಕೈ ಕೆಲಸ ಬೆಂಗಳೂರಾಗೂ ಸಿಗಂಗಿಲ್ಲ," ಎಂದ. ನಾನು ಹಲ್ಲು ಕಿರಿದು ನಿಂತೆ.

ಆ ಸ್ಕ್ರೂಗಳು ಅವನ ಸ್ಕ್ರೂ ಡ್ರೈವರಿಗೆ ಮಾತ್ರ ಬಗ್ಗುವಂಥವು. ಕದ್ದು ಬದಲಿಸುವ ದಾರಿ ಇರಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುತ್ತಾ ಲೆಕ್ಕ ಹಾಕಿದೆ. ಹೇಳಿದರೆ ಅವನು ಮತ್ತೆ ಅರ್ಧ ಶಟರಿನ ಕೆಳಗೆ ಹೋಗಿ ಕೂರುತ್ತಾನೆ, ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಅವನು ಒತ್ತುತ್ತಾನೆ, ಬಿಡುತ್ತಾನೆ, ನಾನು ನೋಡುತ್ತಿರಬೇಕು. ಹೇಳುವುದು ಬೇಡ ಎಂದು ತೀರ್ಮಾನಿಸಿದೆ. ಅವನ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆದರಿಕೆಯಿತ್ತು.

ಮುಂದಿನ ಭಾನುವಾರ ಗಣಿಗೆ ಹೋದೆವು. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಗಣಿಯ ಹೊಂಡ ತುಂಬಿತ್ತು. ಲೆಕ್ಚರರು ಬಂದಿರಲಿಲ್ಲ, ಉಳಿದಿಬ್ಬರೂ ಬರಲಿಲ್ಲ. ನಾವಿಬ್ಬರೇ. ಗಾಡಿ ನೀರಿನೊಳಗೆ ಇಳಿದು ಎದ್ದು ಕಲ್ಲು ಹತ್ತಿತು, ಎರಡನೇ ಸಲಕ್ಕೆ ಮುಂದಿನ ಟೈರುಗಳು ನೀರು ಕುಡಿದು ಭಾರವಾಗಿ ಜಾರತೊಡಗಿದವು. ಅವನು ಬಂಡೆಯ ಮೇಲೆ ಕೂತು ಹನ್ನೆರಡು ಸ್ಕ್ರೂ ತೆಗೆದು ಚೀಲದ ಬಾಯಿಯ ಮೇಲೆ ಸಾಲಾಗಿಟ್ಟ, ಬಳೆಯನ್ನು ಹೊರಗೆಳೆದ, ಎರಡೂ ಕೈಯಲ್ಲಿ ಹಿಂಡಿದ. ಕಂದು ನೀರು ಇಳಿಯಿತು. ವಾಸನೆ ನನ್ನವರೆಗೆ ಬಂತು. ಎಲೆ ಕೊಳೆತ ವಾಸನೆಯಲ್ಲ. ಹುಣ್ಣಿನ ಮುಲಾಮು, ಪೌಡರು, ಮುಚ್ಚಿದ ಕೋಣೆ. ಅವನಿಗೆ ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹಿಂಡಿ, ಬಳೆಯನ್ನು ಬಿಸಿಲಿಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚೀಲದಿಂದ ಬುತ್ತಿ ತೆಗೆದ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಒಯ್ದ.

ನಾನು ಯೋಚನೆ ಮಾಡಲಿಲ್ಲ. ನನ್ನ ಕೈ ತಾನಾಗಿ ಹೋಗಿ ಅವನ ಕೈಗೆ ಬಡಿಯಿತು. ರೊಟ್ಟಿ ಹಾರಿ ಕೆಸರಿನ ಪಕ್ಕ ಬಿತ್ತು.

ಅವನು ನನ್ನನ್ನು ನೋಡಿದ. ಹೈಸ್ಕೂಲಿನಿಂದ ಇಲ್ಲಿಯವರೆಗೆ ನಾನು ಅವನಿಗೆ ಕೈ ಎತ್ತಿದವನಲ್ಲ.

"ಕೈ ತೊಳ್ಕೊ ಮೊದಲ," ಎಂದೆ.

"ಯಾಕ?"

"ತೊಳ್ಕೊ ಅಂದೆನಲ್ಲ."

"ಯಾಕ ಅಂತ ಹೇಳು."

ಹೇಳಿದೆ. ಅಟ್ಟ, ಭಂಗಾರದವನು, ದುಂಡು ಕೊಯ್ತ, ನನ್ನ ಅಕ್ಷರ, ಎಲ್ಲ. ಅವನ ಮುಖ ನೋಡದೆ ಆ ಬಳೆಯನ್ನು ನೋಡುತ್ತಾ ಹೇಳಿದೆ. ಬಿಸಿಲಿಗೆ ಅದರ ಕಚ್ಚುಗಳ ತುದಿ ಒಣಗಿ ಬಣ್ಣ ತಿಳಿಯಾಗುತ್ತಿತ್ತು. ಹೇಳಿ ಮುಗಿದ ಮೇಲೆ ಬೈಗುಳಕ್ಕೆ ಕಾದೆ. ಹೊಡೆದರೂ ಹೊಡೆಯಲಿ ಎಂದು ಕೂತಿದ್ದೆ, ನಿಜವಾಗಿ ಅದನ್ನೇ ಬಯಸಿದ್ದೆ. ಅವನು ಬಳೆಯನ್ನು ಮಗುಚಿ ಇನ್ನೊಂದು ಮಗ್ಗುಲು ಬಿಸಿಲಿಗಿಟ್ಟ.

"ಯಾವ ಕಡೀದು ಇದು?" ಎಂದ.

"ಭುಜದ ಕಡೀದು."

ತಲೆಯಾಡಿಸಿದ. ಆಮೇಲೆ ಬಂಡೆಗೇ ಹೇಳುತ್ತಿರುವ ಹಾಗೆ ಮಾತಾಡತೊಡಗಿದ.

"ಕಡೀ ಎರಡ್ ತಿಂಗಳು ನಾ ಆ ಖೋಲಿಯೊಳಗ ಹೋಗೇ ಇಲ್ಲ. ನಿನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅಕಿ ತಂಗಿ ಬಂದು ತೊಳೀತಿದ್ಲು. ನನಗ ನಾತ ತಡ್ಯಾಕ ಆಗ್ತಿದ್ದಿಲ್ಲ. ಅಕಿ ನೀರು ಕೇಳಿದ್ರ ಬಾಗಲದಾಗ ನಿಂತು ತಂಬಿಗಿ ಒಳಗ ಸರಸ್ತಿದ್ದೆ. ಮೂಗಿಗೆ ಬಾಮು ಹಚ್ಕೊಂಡು. ಅಕಿ ನೋಡ್ತಿದ್ಲು. ಬಾಮು ಹಚ್ಕೊಂಡಿದ್ದು ಅಕಿಗಿ ಕಾಣ್ತಿತ್ತು."

ಚೀಲದ ಬಾಯಿಯ ಮೇಲಿದ್ದ ಸ್ಕ್ರೂಗಳನ್ನು ಅವನು ಬೆರಳಿನಿಂದ ಸರಿಸಿ ಮತ್ತೆ ಸಾಲು ಮಾಡಿದ.

"ಮಣ್ಣು ಮಾಡಿ ಮನಿಗಿ ಬರೋದ್ರೊಳಗ ಗಾದಿ ಹೊರಗ ಹೋಗಿರಬೇಕು ಅಂತ ನಾನೇ ಹೇಳಿ ಕಳಿಸಿದ್ದೆ. ಮೂರ್ ದಿನಾ ಆದ್ರೂ ಇರಲಿ ಅಂದ್ರು ಮಂದಿ. ನಾ ಕೇಳಲಿಲ್ಲ."

ಎದ್ದು ಹೋಗಿ ಕೆಸರಿನ ಪಕ್ಕ ಬಿದ್ದಿದ್ದ ರೊಟ್ಟಿ ಎತ್ತಿಕೊಂಡ. ಊದಿದ. ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆದ. ಹೊಂಡ ನಾಲ್ಕು ಹೆಜ್ಜೆ ದೂರದಲ್ಲಿತ್ತು, ಕೈ ತೊಳೆದುಕೊಳ್ಳಲಿಲ್ಲ. ನನ್ನ ಪಕ್ಕ ಬಂದು ಕೂತು, ಅದೇ ಕೈಯಿಂದ ಮುರಿದು, ಅದೇ ಬೆರಳಿನಿಂದ ಪಲ್ಯ ಹಚ್ಚಿ ಬಾಯಿಗಿಟ್ಟು ಅಗಿದ. ನಿಧಾನವಾಗಿ ಅಗಿದ. ಕಣ್ಣು ಮುಚ್ಚಿಕೊಳ್ಳಲಿಲ್ಲ, ಮುಖ ಕಿವುಚಲಿಲ್ಲ. ನುಂಗಿದ.

ಆ ಕ್ಷಣ ಅವನ ಮೇಲೆ ನನಗೆ ಗೌರವ ಬಂತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ನನಗೆ ಬಂದದ್ದು ಓಕರಿಕೆ. ಅವನು ಯಾಕೆ ತಿನ್ನುತ್ತಿದ್ದಾನೆ ಎಂಬುದು ನನಗೆ ಪೂರ್ತಿ ಅರ್ಥವಾಗಿತ್ತು, ಆದರೂ ಓಕರಿಕೆಯೇ ಬಂತು.

ಇನ್ನೊಂದು ತುತ್ತು ಮುರಿದ. ಅದನ್ನು ತಾನು ತಿನ್ನಲಿಲ್ಲ. ಪಲ್ಯ ಹಚ್ಚಿ ನನ್ನ ಕಡೆ ಚಾಚಿದ.

"ಹಿಡಿ," ಎಂದ.

ಎಷ್ಟು ವರ್ಷ ನಾವು ಒಂದೇ ಬುತ್ತಿಯಲ್ಲಿ ಉಂಡಿದ್ದೇವೆ. ನನ್ನ ಕೈ ಮೊಣಕಾಲಿನ ಮೇಲಿತ್ತು. ಅದು ಏಳಲಿಲ್ಲ. ರೊಟ್ಟಿ ಬಡಿದು ಹಾರಿಸಲು ನನ್ನನ್ನು ಕೇಳದೆ ಹೋದ ಕೈ, ಈಗ ನಾನು ಹೇಳಿದರೂ ಏಳಲಿಲ್ಲ. ಅವನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ಅವನ ಬೆರಳಿನ ಗೆರೆಗಳಲ್ಲಿ ಕಂದು ನೀರು ಒಣಗಿತ್ತು. ನಾನು ಅದನ್ನೇ ನೋಡುತ್ತಿದ್ದೇನೆಂದು ಅವನು ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡು ತುತ್ತನ್ನು ತಾನೇ ತಿಂದ. ಆಮೇಲೆ ಬಳೆಯನ್ನು ರಬ್ಬರಿನೊಳಗೆ ಕೂಡಿಸಿ ಹನ್ನೆರಡು ಸ್ಕ್ರೂ ಬಿಗಿದ.

ಈಗ ಒಂದು ತಿಂಗಳಾಯಿತು. ಅವನು ಅಂಗಡಿ ತೆಗೆಯುತ್ತಾನೆ, ಭಾನುವಾರ ಗಣಿಗೆ ಹೋಗುತ್ತಾನೆ, ಗಾಡಿಯ ಮುಂದಿನ ಟೈರಿನಲ್ಲಿ ಅದೇ ಫೋಮಿದೆ ಎಂದು ಲೆಕ್ಚರರು ಹೇಳಿದರು. ನನ್ನ ಮೇಲೆ ಸಿಟ್ಟಿಲ್ಲ. ಫೋನು ಮಾಡಿದರೆ ಎತ್ತುತ್ತಾನೆ, ಮಳೆಯ ಮಾತಾಡುತ್ತಾನೆ, ಧಂಧೆ ಹೇಗಿದೆ ಎಂದು ವಿಚಾರಿಸುತ್ತಾನೆ. ಮೊದಲೆಲ್ಲ ನಮ್ಮ ಮಾತು ಶುರುವಾಗುತ್ತಿದ್ದದ್ದೇ "ಊಟ ಆತೇನು" ಎಂಬುದರಿಂದ. ಈಗ ಅವನು ಅದನ್ನು ಕೇಳುವುದಿಲ್ಲ.